ಕೊಳ್ಳದೆ ಹೋದವರ ಚಿತ್ರ

ಚಳ್ಳಕೆರೆಯಲ್ಲಿ ನಮ್ಮದು ಫೋಟೋಗಳಿಗೆ ಕಟ್ಟು ಹಾಕಿಕೊಡುವ ಅಂಗಡಿ. ಗಾಜು ಕೊಯ್ಯುವುದು ನಮ್ಮೆಜಮಾನರ ಕೆಲಸ. ಮರದ ಪಟ್ಟಿ ಕತ್ತರಿಸಿ, ಮೂಲೆ ಕೂಡಿಸಿ, ಮೊಳೆ ಹೊಡೆಯುವುದು ನನ್ನದು. ಗಿರಾಕಿಗಳ ಜೊತೆ ಮಾತಾಡುವುದೂ ನನ್ನದೇ, ಯಾಕೆಂದರೆ ಯಜಮಾನರಿಗೆ ಮಾತು ಕಮ್ಮಿ. ಬರುವವರಲ್ಲಿ ಹೆಚ್ಚಿನವರು ತೀರಿಹೋದ ಹಿರಿಯರ ಫೋಟೋ ತರುತ್ತಾರೆ. ಉಳಿದವರು ದೇವರ ಪಟ, ಮದುವೆ ಫೋಟೋ, ಮಕ್ಕಳ ಸರ್ಟಿಫಿಕೇಟು ತರುತ್ತಾರೆ. ಕೈಯಿಂದ ಬರೆದ ಒಂದು ಚಿತ್ರ ಕೊಳ್ಳಬೇಕು ಅಂತ ನಮ್ಮ ಮೆಟ್ಟಿಲು ಹತ್ತಿದವರನ್ನು ಮದುವೆಯಾಗಿ ಬಂದ ಮೇಲೆ ಎಷ್ಟೋ ವರ್ಷ ನಾನು ನೋಡಿರಲೇ ಇಲ್ಲ.

ನನ್ನ ತವರು ಮೊಳಕಾಲ್ಮೂರು. ತವರಿನ ಓಣಿಯಲ್ಲಿ ಅಂಗಡಿ ಬೋರ್ಡು ಬರೆಯುವವನೊಬ್ಬನಿದ್ದಾನೆ. ರಕ್ತಸಂಬಂಧವೇನಿಲ್ಲ, ಆದರೆ ಚಿಕ್ಕಂದಿನಿಂದ ಅವನನ್ನು ಅಣ್ಣ ಅನ್ನುತ್ತ ಬಂದವಳು ನಾನು. ಅವನ ಹೆಂಡತಿ ಮನೆಯ ಪಡಸಾಲೆಯಲ್ಲೇ ಮಗ್ಗ ಹಾಕಿಕೊಂಡು ರೇಷ್ಮೆ ಸೀರೆ ನೇಯುತ್ತಾಳೆ. ಆಕೆ ನನಗೆ ಅತ್ತಿಗೆ. ಒಂದು ಕಾಲಕ್ಕೆ ಆ ಕಡೆಯ ಕಿರಾಣಿ ಅಂಗಡಿ, ಲಾರಿಯ ಹಿಂಬದಿ, ಶಾಲೆಯ ಗೋಡೆ, ಯಾವುದನ್ನು ನೋಡಿದರೂ ಅಣ್ಣನ ಅಕ್ಷರವೇ ಕಾಣುತ್ತಿತ್ತು. ಕನ್ನಡವನ್ನೂ ತೆಲುಗನ್ನೂ ಒಂದೇ ಓಘದಲ್ಲಿ ಬರೆಯುತ್ತಿದ್ದ. ಫ್ಲೆಕ್ಸ್ ಬಂದ ಮೇಲೆ ಆ ಕೆಲಸ ಮೆಲ್ಲಗೆ ನಿಂತುಹೋಯಿತು. ಮಗ್ಗವಿದ್ದುದರಿಂದ ಸಂಸಾರಕ್ಕೆ ತೊಂದರೆಯಾಗಲಿಲ್ಲ. ತೊಂದರೆಯಾಗಿದ್ದು ಅವನ ಕೈಗೆ. “ಕೈ ಸುಮ್ನೆ ಕೂರಲ್ಲ ಅಂತೈತೆ ತಂಗೀ” ಅನ್ನುತ್ತಿದ್ದ.

ಹಾಗೆ ಅವನು ಚಿತ್ರ ಬರೆಯತೊಡಗಿದ. ಬೋರ್ಡಿಗೆ ಬಳಸಿ ಉಳಿದ ಎನಾಮಲ್ ಬಣ್ಣಗಳು, ಪ್ಲೈವುಡ್ ತುಂಡುಗಳು. ಬ್ರಹ್ಮಗಿರಿಯ ಬಂಡೆಗಳನ್ನು ಬರೆದ. ಸಿದ್ದಾಪುರದ ಕಡೆ ಬಂಡೆಗಳ ಸಂದಿಯಲ್ಲಿ ಮೇಯುವ ಕುರಿಗಳನ್ನು ಬರೆದ. ಒಂದೊಂದನ್ನೂ ಹಳೆ ಪಂಚೆಯಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ತಂದು ನಮ್ಮ ಅಂಗಡಿಯಲ್ಲಿಡುತ್ತಿದ್ದ. ನಾನು ಕಟ್ಟು ಹಾಕಿ ದೇವರ ಪಟಗಳ ಪಕ್ಕ ತೂಗುಹಾಕುತ್ತಿದ್ದೆ. ಜನ ನೋಡುತ್ತಿದ್ದರು, ಇಲ್ಲ ಅನ್ನಲಾರೆ.

“ಇದೆಷ್ಟಮ್ಮಾ?” ಅನ್ನುತ್ತಿದ್ದರು.

ನಾನು ಹೇಳುತ್ತಿದ್ದೆ.

“ಇದಕ್ಕಾ?”

ಅಲ್ಲಿಗೆ ಮಾತು ಮುಗಿಯುತ್ತಿತ್ತು. ಅಣ್ಣ ಬಂದ ದಿನ ಗೋಡೆಯ ಪಕ್ಕದ ಬೆಂಚಿನ ಮೇಲೆ ಕೂತು ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದ. ಬೇಸರವನ್ನು ತೋರಿಸಿಕೊಳ್ಳುತ್ತಿರಲಿಲ್ಲ. ಕೇಳುವವರ ಮುಖ, ಕೈ, ನಿಲ್ಲುವ ಭಂಗಿ, ಎಲ್ಲವನ್ನೂ ನೆಟ್ಟ ದೃಷ್ಟಿಯಿಂದ ನೋಡುತ್ತಿದ್ದ. ಅವನು ಯಾಕೆ ಹಾಗೆ ನೋಡುತ್ತಿದ್ದನೆಂಬುದು ನನಗೆ ಆಮೇಲೆ ತಿಳಿಯಿತು.

ಒಂದು ಮಧ್ಯಾಹ್ನ ಕಿಟಕಿ ಬಾಗಿಲಷ್ಟು ದೊಡ್ಡ ಹಲಗೆಯೊಂದನ್ನು ತಂದ. ಪಂಚೆ ಬಿಚ್ಚಿದರೆ ಅದರಲ್ಲಿ ನಮ್ಮ ಅಂಗಡಿಯೇ ಇತ್ತು! ಕೈಯಲ್ಲಿ ಸುತ್ತಿಗೆ ಹಿಡಿದ ನಾನು. ಗಾಜಿನ ಮೇಲೆ ಬಗ್ಗಿದ ನಮ್ಮೆಜಮಾನರು, ಅವರ ಬೋಳು ನೆತ್ತಿ ಮಾತ್ರ ಕಾಣುವಂತೆ. ನಡುವೆ ಒಂದು ಚಿತ್ರವನ್ನು ಎರಡೂ ಕೈಯಲ್ಲಿ ಹಿಡಿದು ನಿಂತ ಅಣ್ಣ. ಎದುರಿಗೆ, ಅದನ್ನು ತೆಗೆದುಕೊಳ್ಳಲು ಕೈ ಚಾಚಿದ ಒಬ್ಬ ಗಿರಾಕಿ. ಗಿರಾಕಿಗೆ ಮೈಯಿತ್ತು, ಕೈಯಿತ್ತು, ಮುಖವಿರಲಿಲ್ಲ. ಅಲ್ಲಿ ಬರೀ ಗೋಧಿ ಬಣ್ಣ ಬಳಿದು ಬಿಟ್ಟಿದ್ದ. ಹಿಂದೆ ಬಾಗಿಲು, ಮೆಟ್ಟಿಲು, ಖಾಲಿ ರಸ್ತೆ.

“ಮುಖ ಯಾಕಣ್ಣಾ ಬಿಟ್ಟೀಯ?” ಅಂದೆ.

“ಯಾರು ಕೊಂತಾರೋ ಅವರ ಮುಖ ಬರೀತೀನಿ.”

ನಮ್ಮೆಜಮಾನರು ಗಾಜಿನಿಂದ ತಲೆಯೆತ್ತಿದರು. “ಹಂಗಾದ್ರೆ ಅರ್ಧ ಚಿತ್ರ ಮಾರೋಕೆ ತಂದೀಯ.”

“ಮಾರಾಟ ಆದ್ರೇನೇ ಬಾವ ಇದು ಪೂರ್ತಿ ಆಗೋದು. ತಂಗೀ, ಗಾಜು ಹಾಕಬ್ಯಾಡ. ಬರೀ ಕಟ್ಟು ಹಾಕು.”

ಮೊದಲು ಅದರ ಬೆಲೆ ಕೇಳಿದವರು ಎಣ್ಣೆ ಮಿಲ್ಲಿನ ಸಾಹುಕಾರರು. ಮೊಮ್ಮಗಳ ಫೋಟೋಗೆ ಕಟ್ಟು ಹಾಕಿಸಲು ಬಂದಿದ್ದರು. ಹಣೆಯ ಮೇಲೆ ಮೂರು ಬೆರಳ ವಿಭೂತಿ, ಕಾಲರಿನಲ್ಲಿ ಮಡಿಸಿಟ್ಟ ಕರವಸ್ತ್ರ. ಒಳ್ಳೆಯ ಮನುಷ್ಯರೇ, ಆದರೆ ಹೇಳಿದ ಬೆಲೆಗೆ ಕೊತ್ತಂಬರಿ ಸೊಪ್ಪನ್ನೂ ಕೊಂಡವರಲ್ಲ. ಚಿತ್ರವನ್ನು ಬಹಳ ಹೊತ್ತು ನೋಡಿದರು. ಬೆಲೆ ಕೇಳಿದರು. ಅಣ್ಣ ಹೇಳಿದ. ಅವರು ಅದರ ಅರ್ಧ ಹೇಳಿದರು. ಅಣ್ಣ ಆಗಲ್ಲ ಅಂದ. ಅವರು ಜೇಬಿನ ಮೇಲೆ ಕೈಯಿಟ್ಟುಕೊಂಡು, “ಮುಖ ಇಲ್ಲದ ಚಿತ್ರಕ್ಕೆ ಇಷ್ಟೇ ಜಾಸ್ತಿ ಕಣಯ್ಯ” ಅನ್ನುತ್ತ ಮೆಟ್ಟಿಲಿಳಿದರು. ಇಳಿಯುವಾಗ ಒಂದು ಸಲ ತಿರುಗಿ ನೋಡಿದರು.

ಅವರು ಅತ್ತ ಹೋದದ್ದೇ ತಡ, ಅಣ್ಣ ಬಣ್ಣದ ಡಬ್ಬಿ ಬಿಚ್ಚಿ ಚಿತ್ರದ ಮುಂದೆ ಕೂತ. ಸಂಜೆಯ ಹೊತ್ತಿಗೆ ಚಿತ್ರದೊಳಗಿನ ಖಾಲಿ ಮೆಟ್ಟಿಲ ಮೇಲೆ ಸಾಹುಕಾರರು ಬಂದು ನಿಂತಿದ್ದರು. ಒಂದು ಕಾಲು ಮೆಟ್ಟಿಲ ಮೇಲೆ, ಒಂದು ಕಾಲು ರಸ್ತೆಯಲ್ಲಿ, ಕೈ ಜೇಬಿನ ಮೇಲೆ, ಮುಖ ಹಿಂದಕ್ಕೆ ತಿರುಗಿ ಚಿತ್ರದ ಕಡೆಗೆ.

ನಾನು ಸುತ್ತಿಗೆ ಬಿಟ್ಟು ಓಡಿಬಂದೆ. “ಅಣ್ಣಾ, ಅವರು ನಮ್ಮ ಕಾಯಂ ಗಿರಾಕಿ. ಅಳಿಸಿಬಿಡು.”

“ಬಂದಿದ್ದು ನಿಜ, ಕೇಳಿದ್ದು ನಿಜ, ಹೋಗಿದ್ದು ನಿಜ. ನಾನೇನು ಸುಳ್ಳು ಬರೆದೀನಾ?”

ಕಟ್ಟು ಹಾಕಿದ ಫೋಟೋ ಒಯ್ಯಲು ಸಾಹುಕಾರರು ಬಂದ ದಿನ ನಾನು ಚಿತ್ರಕ್ಕೆ ಅಡ್ಡವಾಗಿ ನಿಂತಿದ್ದೆ. ಎಷ್ಟು ಹೊತ್ತು ನಿಲ್ಲಲಾದೀತು? ಕಂಡುಬಿಟ್ಟರು. ಹತ್ತಿರ ಬಂದು ಕನ್ನಡಕ ಏರಿಸಿ ನೋಡಿದರು.

“ಯಾರನ್ನ ಕೇಳಿ ನನ್ನ ಬರ್ದೆ?”

ಅಣ್ಣ ಎದ್ದು ನಿಂತ. “ತಾವು ಕೇಳಿದ್ರಲ್ಲ ಸಾವ್ಕಾರ್ರೆ, ಅದಕ್ಕೆ ಬರ್ದೆ. ಕೇಳದೋರನ್ನ ಬರಿಯಲ್ಲ.”

“ಜೇಬಿನ ಮ್ಯಾಲೆ ಯಾಕೋ ಕೈ?”

“ಅಲ್ಲೇ ಇತ್ತು.”

ಅವರ ಮುಖ ಬಿಗಿಯಿತು, ಆಮೇಲೆ ಸಡಿಲಾಯಿತು. “ಹೊಟ್ಟೆ ಒಂಚೂರು ಜಾಸ್ತಿ ಆಗೈತೆ, ಕಮ್ಮಿ ಮಾಡು” ಅಂದರು. ಮಾರನೆಯ ದಿನ ಹೆಂಡತಿಯನ್ನು ಕರೆದುಕೊಂಡು ಬಂದರು. ಆಯಮ್ಮ ಚಿತ್ರ ನೋಡಿ ಸೆರಗು ಬಾಯಿಗಿಟ್ಟುಕೊಂಡು ನಕ್ಕ ನಗು ರಸ್ತೆಯಾಚೆಯ ಟೈಲರ್ ಭಾಯಿಗೂ ಕೇಳಿಸಿತು. ಭಾಯಿ ಕೊರಳಲ್ಲಿ ಟೇಪು ಹಾಕಿಕೊಂಡೇ ಓಡಿ ಬಂದರು. ಬಂದವರು ಸುಮ್ಮನಿರದೆ, “ಕಿತ್ನಾ ಭಾಯ್?” ಅಂದರು. ಬೆಲೆ ಕೇಳಿ, ಕಿವಿ ಮುಟ್ಟಿಕೊಂಡು ನಗುತ್ತ ಹೋದರು. ಅವರೂ ಚಿತ್ರದೊಳಗೆ ಸೇರಿದರು.

ಆಮೇಲೆ ಸುದ್ದಿ ತಾನೇ ಹಬ್ಬಿತು. ಭಾನುವಾರದ ಕಂಬಳಿ ಸಂತೆಗೆ ಬಂದ ಅಜ್ಜನೊಬ್ಬ ಹೆಗಲಿನ ಕಂಬಳಿ ತೆಗೆದು ನಮ್ಮ ಕೆಲಸದ ಮೇಜಿನ ಮೇಲಿಟ್ಟು, “ಇದನ್ನ ತಗೊಂಡು ಅದನ್ನ ಕೊಡು” ಅಂದ. ಬೆಲೆ ಸರಿಹೋಗಲಿಲ್ಲ. ಅವನು ಬೇಸರ ಮಾಡಿಕೊಳ್ಳದೆ ಕಂಬಳಿ ಹೊದ್ದು ಹೋದ. ಹೊಸ ಮನೆ ಕಟ್ಟಿಸಿದ ಎಳೆಯ ಜೋಡಿಯೊಂದು ಬಂತು. ಹುಡುಗಿಗೆ ಬೇಕಿತ್ತು. ಹುಡುಗ “ನೋಡನ ಇರು” ಅಂದ. ಅವಳು ಅವನನ್ನು ಮೊಣಕೈಯಿಂದ ತಿವಿದದ್ದನ್ನು ಅಣ್ಣ ಹಾಗೇ ಬರೆದ. ಸರಕಾರಿ ಹೈಸ್ಕೂಲಿನ ಟೀಚರೊಬ್ಬರು ಸ್ಟಾಫ್ ರೂಮಿಗೆ ಅಂತ ಕೇಳಿದರು.

ಒಬ್ಬೊಬ್ಬರನ್ನು ಸೇರಿಸಿದಾಗಲೂ ಅಣ್ಣ ಬೆಲೆಯನ್ನು ಸ್ವಲ್ಪ ಏರಿಸುತ್ತಿದ್ದ. ಕೆಲಸ ಜಾಸ್ತಿಯಾಯಿತಲ್ಲ ಅನ್ನುವುದು ಅವನ ವಾದ. ಜನ ಕೇಳುವ ಬೆಲೆಯೂ ಏರುತ್ತಿತ್ತು. ಸಾಹುಕಾರರೇ ಕೇಳಿ ಹೋಗಿದ್ದಾರೆ ಅಂದ ಮೇಲೆ ಅವರಿಗಿಂತ ಕಮ್ಮಿ ಕೇಳಲು ಯಾರಿಗೂ ಮನಸ್ಸಾಗುತ್ತಿರಲಿಲ್ಲ. ಎರಡನೇ ಸಲ ಬಂದ ಟೀಚರು ಚಿತ್ರದ ಮುಂದೆ ನಿಂತು ತಮ್ಮನ್ನೇ ನೋಡಿಕೊಳ್ಳುತ್ತ, “ಮೊನ್ನೆನೇ ತಗೊಂಡಿದ್ರೆ ಅಗ್ಗಕ್ಕೆ ಸಿಗ್ತಿತ್ತು. ಆದ್ರೆ ಮೊನ್ನೆ ಇದರಾಗೆ ನಾನೇ ಇರಲಿಲ್ಲವಲ್ಲ ಕಣಮ್ಮಾ” ಅಂದರು. ಆ ಮಾತು ನನ್ನ ಮನಸ್ಸಿನಲ್ಲಿ ಬಹಳ ದಿನ ಉಳಿಯಿತು. ಕೊಳ್ಳಲು ಬಂದವರಿಂದಲೇ ಅದು ದುಬಾರಿಯಾಗುತ್ತಿತ್ತು, ದುಬಾರಿಯಾದದ್ದಕ್ಕೇ ಮತ್ತೊಬ್ಬರು ಕೊಳ್ಳಲು ಬರುತ್ತಿದ್ದರು.

ನನಗೆ ಇದು ಯಾಕೋ ಆಟವಾಗುತ್ತಿದೆ ಅನ್ನಿಸಿತು. ಅಂಗಡಿಯಲ್ಲಿ ಯಾರೂ ಇಲ್ಲದಾಗ ಕೇಳಿಯೇಬಿಟ್ಟೆ. “ಅಣ್ಣಾ, ನಿನಗಿದನ್ನ ಮಾರಬೇಕು ಅಂತೈತೋ ಇಲ್ವೋ?”

ಅವನು ಕುಂಚವನ್ನು ಟರ್ಪೆಂಟೈನಿನಲ್ಲಿ ಅದ್ದಿ ಒರೆಸುತ್ತ ಕೂತಿದ್ದ. “ಐತೆ ತಂಗೀ. ಯಾಕಿಲ್ಲ? ಆದ್ರೆ ಇಷ್ಟು ವರ್ಷಕ್ಕೆ ಮೊದಲ್ನೇ ಸಲ ಜನ ನನ್ನ ಕೈಕೆಲಸದ ಮುಂದೆ ನಿಂತವ್ರೆ. ಇನ್ನೊಂದು ನಾಕು ದಿನ ನಿಂತ್ಕೊಳ್ಳಲಿ ಬಿಡು” ಅಂದ. ನಾನು ಮತ್ತೆ ಆ ಮಾತೆತ್ತಲಿಲ್ಲ.

ಮೆಟ್ಟಿಲು, ರಸ್ತೆ, ಎದುರಂಗಡಿಯ ಕಟ್ಟೆ, ಎಲ್ಲ ತುಂಬಿ ಚಿತ್ರದಲ್ಲಿ ಜಾಗವಿಲ್ಲದಂತಾದ ಹೊತ್ತಿಗೆ ಹೆದ್ದಾರಿಯ ಪಕ್ಕ ದೊಡ್ಡ ಹೋಟೆಲು ಕಟ್ಟಿಸುತ್ತಿದ್ದವರೊಬ್ಬರು ಬಂದರು. ಹೊರಗಿನವರು, ಮಾತು ಮೃದು. ಚಿತ್ರವನ್ನು ದೂರದಿಂದ, ಹತ್ತಿರದಿಂದ ನೋಡಿದರು. ಹೋಟೆಲಿನ ಬಾಗಿಲಲ್ಲೇ ಹಾಕಿಸುತ್ತೇನೆ ಅಂದರು. ಅಣ್ಣ ಹೇಳಿದ್ದಕ್ಕಿಂತಲೂ ಹೆಚ್ಚು ಕೊಡುತ್ತೇನೆಂದರು. ನಮ್ಮೆಜಮಾನರ ಕೈಯಲ್ಲಿದ್ದ ಗಾಜು ಅಲ್ಲೇ ನಿಂತಿತು.

“ನನ್ನ ಮುಖ ಬರೀರಿ” ಅಂದರು ಹೋಟೆಲಿನವರು. “ಹಾಗೇ ಇನ್ನೊಂದು ಸಣ್ಣ ಬದಲಾವಣೆ. ಈ ಜನ ಎಲ್ಲ ಚಿತ್ರದ ಕಡೆ ನೋಡ್ತಿದ್ದಾರೆ. ಅವರು ನನ್ನ ಕಡೆ ನೋಡೋ ಹಾಗೆ ಮಾಡಿ. ಒಂದಿಬ್ಬರು ಕೈ ಮುಗಿದ್ರೂ ಚೆನ್ನಾಗಿರುತ್ತೆ. ಕೊಂಡವನು ನಾನಲ್ಲವಾ?”

ಅಣ್ಣ ತಲೆಯಾಡಿಸಿದ. ಹೂಂ ಅಂದನೋ ಊಹೂಂ ಅಂದನೋ ನನಗೂ ತಿಳಿಯಲಿಲ್ಲ. ಚಿತ್ರವನ್ನು ಪಂಚೆಯಲ್ಲಿ ಸುತ್ತಿಕೊಂಡು ಸಂಜೆಯ ಬಸ್ಸಿಗೆ ಊರಿಗೆ ಒಯ್ದ.

ಗೋಡೆ ಖಾಲಿಯಾದದ್ದು ಮೊದಲು ಕಂಡದ್ದು ಟೈಲರ್ ಭಾಯಿಗೆ. ಯಾಕೆಂದು ಕೇಳಿದ ಅವರಿಗೆ ನಾನು ನಡೆದದ್ದನ್ನೆಲ್ಲ ಹೇಳಿಬಿಟ್ಟೆ. ಮಧ್ಯಾಹ್ನದೊಳಗೆ ಸಾಹುಕಾರರೇ ಬಂದರು. ಕೂರಿ ಅಂದರೂ ಕೂರಲಿಲ್ಲ.

“ನಮ್ಮನ್ನೆಲ್ಲ ಹೋಟ್ಲು ಬಾಗಿಲಿಗೆ ನೇತಾಕ್ತಾರಂತೆ, ಹೌದಾ? ಅದೂ ಆತನಿಗೆ ಕೈ ಮುಗಿಯೋ ಹಂಗೆ?”

“ಇನ್ನೂ ಏನೂ ಆಗಿಲ್ಲ ಸಾವ್ಕಾರ್ರೆ.”

“ನಾನು ಬ್ಯಾಡ ಅಂದು ಬಂದೋನು ಕಣಮ್ಮಾ. ಬ್ಯಾಡ ಅನ್ನೋನು ಯಾರಿಗೂ ಕೈ ಮುಗಿಯಲ್ಲ.” ಅವರಿಗೆ ಸಿಟ್ಟಿತ್ತು, ಆದರೆ ಅದಕ್ಕಿಂತ ಹೆಚ್ಚು ನೋವಿತ್ತು. ಅದು ನನಗೆ ಆಶ್ಚರ್ಯವೆನಿಸಿತು.

ಆ ವಾರ ತವರಿನಲ್ಲಿ ಚಿಕ್ಕಪ್ಪನ ಮಗಳ ಸೀಮಂತವಿತ್ತು. ಮೊಳಕಾಲ್ಮೂರಿಗೆ ಹೋದವಳು ಊಟ ಮುಗಿಸಿ ನೇರ ಅಣ್ಣನ ಮನೆಗೆ ನಡೆದೆ. ಓಣಿಯ ತುಂಬ ಮಗ್ಗದ ಸದ್ದು. ಪಡಸಾಲೆಯಲ್ಲಿ ಅತ್ತಿಗೆ ಹಸಿರು ಸೀರೆಗೆ ಸೆರಗು ನೇಯುತ್ತಿದ್ದಳು. ಅಣ್ಣ ಗೋಡೆಗೆ ಆನಿಸಿದ ಚಿತ್ರದ ಮುಂದೆ ಮಂಡಿಯ ಮೇಲೆ ಗಲ್ಲ ಊರಿ ಕೂತಿದ್ದ. ಬಣ್ಣದ ಡಬ್ಬಿಯ ಮುಚ್ಚಳ ತೆಗೆದಿರಲಿಲ್ಲ.

“ರಾಮ್ಮಾ, ಕೂಚೋ” ಅಂತ ತೆಲುಗಿನಲ್ಲಿ ಕರೆದು ಕೂರಿಸಿದಳು ಅತ್ತಿಗೆ, ಆಮೇಲೆ ಕನ್ನಡಕ್ಕೆ ತಿರುಗಿ, “ಬಂದಾಗಿಂದ ಹಿಂಗೇ ಕೂತವ್ನೆ ನಿಮ್ಮಣ್ಣ. ಊಟಕ್ಕೆ ಕರದ್ರೆ ಬರ್ತಾನೆ, ಉಂಡು ಮತ್ತೆ ಅಲ್ಲೇ ಹೋಗಿ ಕೂರ್ತಾನೆ” ಅಂದಳು.

ನಾನು ನೋಡಿದೆ. ಸಾಹುಕಾರರು, ಭಾಯಿ, ಕಂಬಳಿ ಅಜ್ಜ, ಟೀಚರು, ಎಲ್ಲರೂ ಮೊದಲಿನಂತೆಯೇ ಚಿತ್ರದ ಕಡೆ ನೋಡುತ್ತಿದ್ದರು.

“ಆಗಲ್ಲವಾ ಅಣ್ಣಾ?”

“ಕೈಗೆ ಆಗ್ತೈತೆ. ಮುಖ ತಿರುಗಿಸೋದೇನು ದೊಡ್ಡ ಕೆಲಸ ಅಲ್ಲ” ಅಂದ. ಬಣ್ಣದ ಡಬ್ಬಿಯನ್ನು ಪಕ್ಕಕ್ಕೆ ಸರಿಸಿ, “ದುಡ್ಡು ಒಳ್ಳೇದೇ ಕೊಡ್ತಾರೆ. ಇವಳಿಗೆ ಮಗ್ಗದ ಮನೆಗೆ ಒಂದು ಕಿಟಕಿ ಹೊಡಿಸಿಕೊಡಬೇಕು ಅಂತೈತೆ, ಬೆಳಕು ಸಾಲಲ್ಲ” ಅಂದ.

ಅತ್ತಿಗೆ ಲಾಳಿ ನಿಲ್ಲಿಸಿದಳು. “ನನ್ನ ಕಿಟಕಿ ವಿಷ್ಯ ಯಾಕೆ ತರ್ತೀಯ? ನಾನು ಕೇಳಿದ್ನಾ?” ಆಮೇಲೆ ನನ್ನ ಕಡೆ ತಿರುಗಿದಳು. “ಈ ಸೆರಗಿನಾಗೆ ನವಿಲು ಐತಲ್ಲ, ಯಾರೋ ಕೊಂತಾರೆ, ಉಟ್ಕೊಂತಾರೆ. ಚೆನ್ನಾಗಿ ಉಟ್ಕೊಳ್ಳಲಿ. ಆದ್ರೆ ನಾನು ಕೊಂಡೀನಿ, ನವಿಲು ನನ್ನೇ ನೋಡ್ಬೇಕು ಅಂದ್ರೆ ಏನ್ ಹೇಳೋದು?”

ಮೂವರೂ ನಕ್ಕೆವು. ನಗು ಮುಗಿದ ಮೇಲೆ ಅಣ್ಣ ಮತ್ತೆ ಚಿತ್ರದ ಕಡೆ ತಿರುಗಿದ.

“ಆತ ಇಷ್ಟೊಂದು ಬೆಲೆ ಕೊಡ್ತಿರೋದು ಯಾಕೆ? ಇಷ್ಟು ಜನ ಇದನ್ನ ನೋಡ್ತವ್ರೆ ಅಂತ. ಅವರು ಆತನ್ನ ನೋಡಿದ್ರೆ ಇದನ್ನ ನೋಡೋರು ಯಾರು? ಆವಾಗ ಇದಕ್ಕೆ ಬೆಲೆ ಎಲ್ಲೈತೆ?” ಅಂದ. ನಮಗೆ ಹೇಳಿದ್ದಲ್ಲ, ತನಗೇ ಹೇಳಿಕೊಂಡದ್ದು. ಹೇಳಿಕೊಂಡವನು ಎದ್ದು ಪಂಚೆ ಹುಡುಕತೊಡಗಿದ. “ತಂಗೀ, ಬಸ್ಸಿಗೆ ಟೈಮಾಯ್ತಾ?”

ಮಡಿಸಿಟ್ಟ ಪಂಚೆ ಸಿಗಲಿಲ್ಲ. ಒಗೆದು ಹಾಕಿದ್ದೇನೆಂದು ಅತ್ತಿಗೆ ನೆನಪಿಸಿದಳು. ಹಾಗಾಗಿ ಆ ಸಲ ಚಿತ್ರ ಬರಿಮೈಯಲ್ಲೇ ಬಸ್ಸು ಹತ್ತಿತು. ಬಸ್ಸಿನಲ್ಲಿ ನಿಲ್ಲಲೂ ಜಾಗವಿರಲಿಲ್ಲ. ಕಂಡಕ್ಟರು ಲಗೇಜ್ ಟಿಕೆಟ್ ಕೊಳ್ಳಲೇಬೇಕು ಅಂತ ಪಟ್ಟು ಹಿಡಿದವನು ಹತ್ತಿರ ಬಂದು ಚಿತ್ರ ನೋಡುತ್ತ ಟಿಕೆಟ್ ಹರಿಯುವುದನ್ನೇ ಮರೆತ.

“ಇವರು ಎಣ್ಣೆ ಮಿಲ್ಲಿನೋರಲ್ವಾ? ಇದೇನು, ಹೋಗ್ತಾ ಹೋಗ್ತಾ ತಿರುಗಿ ನೋಡ್ತವ್ರೆ?”

ಅಣ್ಣ ಕಥೆ ಹೇಳಿದ. ಮುಂದಿನ ಸೀಟಿನವರು ತಿರುಗಿದರು. ಹಿಂದಿನವರಿಗೆ ಕಾಣಲಿಲ್ಲವೆಂದು ಚಿತ್ರವನ್ನು ಕೈಯಿಂದ ಕೈಗೆ ಹಿಂದಕ್ಕೆ ಸಾಗಿಸಿದರು. ನನಗೆ ಎಲ್ಲಿ ಗೀಚಿ ಹೋಗುತ್ತದೋ ಎಂಬ ಭಯ. ಅಣ್ಣ ಮಾತ್ರ ಕಂಬಿ ಹಿಡಿದು ನಿಂತು, ತಲೆಗಳ ಮೇಲೆ ತೇಲಿ ಹೋಗುತ್ತಿದ್ದ ತನ್ನ ಚಿತ್ರವನ್ನು ನೋಡುತ್ತಿದ್ದ. ಮುಖದಲ್ಲಿ ಅಂಥ ಬೆಳಕನ್ನು ನಾನು ಅವನ ಮದುವೆಯ ದಿನವೂ ಕಂಡಿರಲಿಲ್ಲ. ಹಿಂದಿನ ಸೀಟಿನಿಂದ ಯಾರೋ ಹೆಂಗಸು, “ಎಂತಕಿ ಇಸ್ತಾರು?” ಅಂತ ಕೂಗಿ ಬೆಲೆ ಕೇಳಿದಳು. ಬಸ್ಸಿಗೆ ಬಸ್ಸೇ ನಕ್ಕಿತು. ಚಳ್ಳಕೆರೆ ಬಂದಾಗ ಕಂಡಕ್ಟರೇ ಇಳಿದು ಚಿತ್ರವನ್ನು ಹಗುರಾಗಿ ಕೆಳಗಿಳಿಸಿಕೊಟ್ಟ. “ಮುಂದಿನ ಸಲ ನಮ್ಮ ಬಸ್ಸು ಬರಿ ಅಣ್ಣಾ” ಅಂದ.

ಹೋಟೆಲಿನವರು ಮಾರನೆಯ ದಿನ ಬಂದರು. ಅಣ್ಣ ನಿಂತುಕೊಂಡೇ ಹೇಳಿದ. “ಸಾರ್, ತಮ್ಮ ಮುಖ ಬರೀತೀನಿ. ಮಿಕ್ಕೋರ ಮುಖ ತಿರುಗಿಸಲ್ಲ.” ನಾವು ಜಗಳವಾದೀತು ಅಂದುಕೊಂಡಿದ್ದೆವು. ಅವರು ಜಗಳವಾಡಲಿಲ್ಲ. “ಹಾಗಾದ್ರೆ ನನಗೆ ಉಪಯೋಗ ಇಲ್ಲ” ಅಂದರು. ಹೊರಡುವ ಮುಂಚೆ ಮೂಲೆಯಲ್ಲಿ ತೂಗುಹಾಕಿದ್ದ ಬ್ರಹ್ಮಗಿರಿಯ ಬಂಡೆಗಳ ಚಿತ್ರಗಳನ್ನು ನೋಡಿ, “ಇವೂ ನಿಮ್ಮವೇನಾ? ನನ್ನ ರೂಮುಗಳಿಗೆ ಇವು ಆಗುತ್ತವೆ” ಎಂದು ಎರಡನ್ನು ಕೇಳಿದ ಬೆಲೆಗೆ ಕೊಂಡುಹೋದರು. ಎರಡು ವರ್ಷ ಅದೇ ಗೋಡೆಯ ಮೇಲೆ, ಅದೇ ಬೆಲೆಗೆ ತೂಗುತ್ತಿದ್ದ ಚಿತ್ರಗಳು ಅವು. “ಇದಕ್ಕಾ?” ಅಂತ ಅವರು ಕೇಳಲಿಲ್ಲ. ಬರೆದವನು ಯಾರೆಂದು ಈಗ ಅವರಿಗೆ ಗೊತ್ತಿತ್ತು, ಅಷ್ಟೇ ವ್ಯತ್ಯಾಸ.

ಹೋಟೆಲಿನವರ ಕಾರು ತಿರುವಿನಲ್ಲಿ ಮರೆಯಾಗುವ ಮುಂಚೆಯೇ ಸಾಹುಕಾರರು ಮೆಟ್ಟಿಲು ಹತ್ತಿದರು. ಎದುರಿನ ಟೈಲರ್ ಅಂಗಡಿಯಲ್ಲಿ ಕೂತು ಎಲ್ಲವನ್ನೂ ನೋಡುತ್ತಿದ್ದರೆಂದು ಭಾಯಿ ಆಮೇಲೆ ಹೇಳಿದರು.

“ಯಾರನ್ನೂ ತಿರುಗಿಸಲಿಲ್ಲ ಅಲ್ವಾ?” ಅಂತ ಕೇಳಿ, ಕನ್ನಡಕ ಏರಿಸಿ, ಒಬ್ಬೊಬ್ಬರನ್ನೇ ನೋಡಿ ಖಾತ್ರಿ ಮಾಡಿಕೊಂಡರು. ಆಮೇಲೆ ಬೆಂಚಿನ ಮೇಲೆ ಕೂತರು. “ಈಗ ಎಷ್ಟಕ್ಕೆ ಕೊಡ್ತೀಯ ಹೇಳು.”

ಅಣ್ಣ ಹೇಳಿದ.

“ಅವತ್ತು ನೀನು ಇದರ ಕಾಲು ಭಾಗ ಹೇಳಿದ್ದೆ.”

“ಅವತ್ತು ಇದರಾಗೆ ತಾವಿರಲಿಲ್ಲ ಸಾವ್ಕಾರ್ರೆ. ತಾವು ಬ್ಯಾಡ ಅಂದು ಹೋಗಿದ್ದಕ್ಕೇ ಮಿಕ್ಕೋರೆಲ್ಲ ಬಂದ್ರು.”

“ಅಂದ್ರೆ ನಾನು ಕೊಳ್ಳದೆ ಹೋಗಿದ್ದಕ್ಕೆ ಈಗ ನಾನೇ ದುಡ್ಡು ಕೊಡಬೇಕಾ?” ಎಂದು ನಕ್ಕರು. ಆದರೂ ಅವರು ಸಾಹುಕಾರರೇ, ಚೌಕಾಸಿ ಬಿಡಲಿಲ್ಲ. ಅಣ್ಣನೂ ಮೊದಲಿನ ಅಣ್ಣನಾಗಿರಲಿಲ್ಲ. ಒಬ್ಬರು ಒಂದು ಹೆಜ್ಜೆ ಕೆಳಗಿಳಿದರು, ಇನ್ನೊಬ್ಬರು ಒಂದು ಹೆಜ್ಜೆ ಮೇಲೆ ಹತ್ತಿದರು. ನಾನು ಎರಡು ಸಲ ಟೀ ತರಿಸಿದೆ. ಕೊನೆಗೆ ಇಬ್ಬರಿಗೂ ನಷ್ಟವಾಯಿತೆಂದು ಇಬ್ಬರೂ ಹೇಳಿಕೊಳ್ಳಬಹುದಾದ ಒಂದು ಬೆಲೆಗೆ ಕೈ ಕುಲುಕಿದರು.

ಆಮೇಲೆ ನಮ್ಮೆಜಮಾನರಿಗೆ ಹೊಳೆಯಿತು. “ಈಗ ಕೊಂಡೋರ ಮುಖ ಬರೀಬೇಕಲ್ಲ. ಸಾವ್ಕಾರ್ರು ಆಗಲೇ ಮೆಟ್ಟಿಲ ಮ್ಯಾಲೆ ಐದಾರೆ. ಒಬ್ಬರೇ ಎರಡು ಕಡೆ ಹೆಂಗೆ?”

ಅಣ್ಣ ಯೋಚನೆಗೆ ಬಿದ್ದ. ಮೆಟ್ಟಿಲ ಮೇಲಿನವರನ್ನು ಅಳಿಸಿ ಅಲ್ಲಿ ಬೇರೆ ಯಾರನ್ನಾದರೂ ಬರೆಯಲೇ ಅಂತ ಸಾಹುಕಾರರನ್ನೇ ಕೇಳಿದ.

“ಅಳಿಸಬ್ಯಾಡ” ಅಂದರು ಅವರು. “ಹೋದೋನೂ ನಾನೇ, ತಿರುಗಿ ಬಂದೋನೂ ನಾನೇ. ಎರಡೂ ಇರಲಿ.”

ಮಾರನೆಯ ದಿನ ಬೆಳಗ್ಗೆ ಸ್ನಾನ ಮಾಡಿ, ಹೊಸದಾಗಿ ವಿಭೂತಿ ಹಚ್ಚಿಕೊಂಡು ಬಂದು ಬೆಂಚಿನ ಮೇಲೆ ನೆಟ್ಟಗೆ ಕೂತರು. ಜೊತೆಗೆ ಬಂದ ಅವರ ಮನೆಯವರು, “ಪೋಲೀಸರ ಮುಂದೆ ಕೂತಂಗೆ ಕೂತೀರಲ್ರಿ, ಒಂಚೂರು ನಗ್ರಿ” ಅನ್ನುತ್ತಲೇ ಇದ್ದರು. ಅಣ್ಣನ ಕುಂಚ ಆ ಗೋಧಿ ಬಣ್ಣದ ಖಾಲಿ ಜಾಗದ ಮೇಲೆ ಮೊದಲು ಹುಬ್ಬು ಎಳೆಯಿತು, ಆಮೇಲೆ ಕಣ್ಣು. ನಾನು ಸುತ್ತಿಗೆ ಕೆಳಗಿಟ್ಟು ನೋಡುತ್ತ ನಿಂತೆ. ಮುಖ ಮುಗಿಯುತ್ತ ಬಂದಂತೆ ಹಿಂದಿನ ಜನರ ನೋಟಕ್ಕೆ ಒಂದು ಅರ್ಥ ಬಂದಂತಾಯಿತು. ಅಷ್ಟು ದಿನ ಅವರು ಮುಗಿಯದ ವ್ಯಾಪಾರವೊಂದನ್ನು ನೋಡುತ್ತಿದ್ದರು. ಈಗ ಅವರ ಕಣ್ಣೆದುರಿಗೇ ಅದು ಕುದುರಿತ್ತು.

ಚಿತ್ರವನ್ನು ಅವರು ಮನೆಯ ಹಾಲಿಗೆ ಒಯ್ಯಲಿಲ್ಲ. ಮಿಲ್ಲಿನಲ್ಲಿ ಶೇಂಗಾ ತೂಕ ಹಾಕುವ ಜಾಗವಿದೆ, ಅಲ್ಲಿಗೆ ರೈತರು, ಹಮಾಲರು, ಲಾರಿಯವರು ದಿನವಿಡೀ ಬರುತ್ತಿರುತ್ತಾರೆ. ಅಲ್ಲಿ ಗೋಡೆಗೆ ಹಾಕಿಸಿದರು. ಧೂಳು ಕೂರುತ್ತದೆಂದು ಈ ಸಲ ಗಾಜು ಹಾಕಿಸಿಕೊಂಡರು. ಚಿತ್ರದಲ್ಲಿರುವವರಿಗೆ ಯಾವಾಗ ಬೇಕಾದರೂ ಬಂದು ನೋಡಲು ಅಡ್ಡಿಯಿಲ್ಲ ಅಂತ ಅವರೇ ಹೇಳಿ ಕಳಿಸಿದರು. ಟೀಚರು ಒಮ್ಮೆ ಶಾಲೆಯ ಹುಡುಗಿಯರನ್ನು ಸಾಲಾಗಿ ಕರೆದೊಯ್ದು ತೋರಿಸಿದರಂತೆ. ಕಂಬಳಿ ಅಜ್ಜ ಸಂತೆಗೆ ಬಂದಾಗ ಮಿಲ್ಲಿಗೆ ಹೋಗಿ, ತನ್ನ ಚಿತ್ರದ ಮುಂದೆ ನಿಂತು, ಯಾರಿಗಾದರೂ ತೋರಿಸಿ ಬರುತ್ತಾನೆ. ಮೊದಮೊದಲು ಅದನ್ನು ಹುಚ್ಚು ಅಂದ ಸಾಹುಕಾರರ ತಮ್ಮ, ಈಗ ತಮ್ಮ ಹತ್ತಿಯ ಜಿನ್ನಿಂಗ್ ಮಿಲ್ಲಿಗೂ ಅಂಥದ್ದೊಂದು ಬೇಕು ಅಂತ ಹೇಳಿ ಕಳಿಸಿದ್ದಾರೆ. ಅದು ಬೇರೆಯೇ ಚಿತ್ರವಾಗಬೇಕು, ಇದರ ನಕಲಲ್ಲ ಅಂತ ಅಣ್ಣ ಷರತ್ತು ಹಾಕಿದ್ದಾನೆ.

ಆ ದುಡ್ಡಿನಲ್ಲಿ ಅಣ್ಣ ಮೊಳಕಾಲ್ಮೂರಿನ ಮನೆಯ ಪಡಸಾಲೆಗೆ ಮೂಡಣ ದಿಕ್ಕಿಗೆ ಕಿಟಕಿ ಹೊಡೆಸಿದ. ನಾನು ಕಳೆದ ಸಲ ಹೋದಾಗ ಅತ್ತಿಗೆ ಮಗ್ಗವನ್ನು ಆ ಬೆಳಕಿಗೆ ತಿರುಗಿಸಿಕೊಂಡಿದ್ದಳು. ಕೇಳಿದ್ದಕ್ಕೆ, “ಈಗ ದಾರದ ಬಣ್ಣ ನೋಡೋಕೆ ಹೊರಗೆ ಹೋಗಂಗಿಲ್ಲ” ಅಂದಳು, ಅಷ್ಟೇ. ಗಂಡನನ್ನು ಹೊಗಳುವ ಹೆಂಗಸಲ್ಲ ಅವಳು. ಆದರೆ ಆ ದಿನ ಚಿತ್ರ ನೋಡಬೇಕು ಅಂತ ನನ್ನ ಜೊತೆ ಚಳ್ಳಕೆರೆಗೆ ಹೊರಟಳು. ಮಿಲ್ಲಿನ ಗೋಡೆಯ ಮುಂದೆ ಬಹಳ ಹೊತ್ತು ನಿಂತಳು. ಸಾಹುಕಾರರ ಮನೆಯವರು ಬಂದು ಮಾತಾಡಿಸಿ, ಉಟ್ಟ ಸೀರೆಯ ಸೆರಗು ಹಿಡಿದು ನೋಡಿ, ನಮ್ಮ ಮನೆಗೂ ಒಂದು ನೇಯ್ದು ಕೊಡು ಅಂದರು. ಅತ್ತಿಗೆ ಬೆಲೆ ಹೇಳಿದಳು. ಅವರು ಕಮ್ಮಿ ಕೇಳಿದರು. ಇಬ್ಬರೂ ನಗುತ್ತ ಚೌಕಾಸಿಗೆ ಕೂತರು, ನಾನು ಅಂಗಡಿಗೆ ಹೊತ್ತಾಯಿತೆಂದು ಹೊರಟುಬಂದೆ.

ಅಣ್ಣ ಈಗ ವಾರಕ್ಕೆರಡು ಸಲ ಬರುತ್ತಾನೆ. ನಮ್ಮೆಜಮಾನರು ಅವನಿಗಾಗಿ ಗಾಜಿನ ಹಾಳೆಗಳನ್ನು ಸರಿಸಿ ಬಾಗಿಲ ಬಳಿ ಜಾಗ ಮಾಡಿಕೊಟ್ಟಿದ್ದಾರೆ. ಸದ್ಯ ಅಲ್ಲಿ ನಿಂತಿರುವುದು ಬಸ್ಸಿನ ಚಿತ್ರ. ಕಂಡಕ್ಟರು ಬಂದು ಬಂದು ನೋಡಿ, ತನ್ನ ಟಿಕೆಟ್ ಮಷೀನು ಸರಿಯಾಗಿ ಬಂದಿಲ್ಲ ಅಂತ ತಕರಾರು ಮಾಡುತ್ತಾನೆ. ಬಸ್ಸಿನ ಕಿಟಕಿಗಳಲ್ಲಿ ಇನ್ನೂ ಯಾರೂ ಕೂತಿಲ್ಲ. ಅದನ್ನು ಯಾರು ಕೊಳ್ಳುತ್ತಾರೋ, ಕೊಳ್ಳುತ್ತಾರೋ ಇಲ್ಲವೋ, ನಮಗೆ ತಿಳಿಯದು. ಅಳತೆ ತೆಗೆದುಕೊಂಡು ತೇಗದ ಪಟ್ಟಿ ಕತ್ತರಿಸಿಟ್ಟಿದ್ದೇನೆ.